ಪರಮಾಣುಗಳು ಅವೇ, ಪದಾರ್ಥ ಬೇರೆ!



ನಾನು ಏಳನೇ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಅದು ಆಗಸ್ಟ್ ತಿಂಗಳು. ರಾತ್ರಿಯೆಲ್ಲ ಸೋನೆ ಮಳೆ ಹಿಡಿದಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮನೆಯವರ ಜೊತೆ ತಂಬಾಕಿನ ಹೊಲಕ್ಕೆ ಹೋಗಿದ್ದೆ. ದೊಡ್ಡವರು ಎಲೆ ಮುರಿದು ಕೊಡುತ್ತಿದ್ದರು. ನಾನು ಆ ಹಸಿ ಎಲೆಗಳನ್ನು ಎರಡೂ ತೋಳುಗಳಲ್ಲಿ ತಬ್ಬಿಕೊಂಡು ಗಾಡಿಯ ಬಳಿಗೆ ಹೊತ್ತು ತರುತ್ತಿದ್ದೆ. ಅಂಗಿ ಪೂರ್ತಿ ಒದ್ದೆಯಾಗಿತ್ತು. ಅದೇ ಅಂಗಿಯಲ್ಲಿ ಶಾಲೆಗೆ ಓಡಿದೆ. ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಿತು, ಬಾಯಲ್ಲಿ ನೀರೂರಿತು. ಜನಗಣಮನ ಮುಗಿಯುವುದರೊಳಗೆ ವಾಂತಿಯಾಯಿತು.

ಅಜ್ಜಿ "ದೃಷ್ಟಿ ತಾಗಿದೆ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮರುದಿನದ ಹೊತ್ತಿಗೆ ಸರಿಹೋದೆ. ದೃಷ್ಟಿ ತೆಗೆದದ್ದರಿಂದಲೇ ವಾಸಿಯಾಯಿತು ಎಂದು ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. ನಿಜವಾಗಿ ಏನಾಗಿತ್ತು ಎಂಬುದು ನನಗೆ ತಿಳಿದದ್ದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವಾಗ.

ಆ ಬೆಳಿಗ್ಗೆ ನನ್ನ ಮೈಯೊಳಗೆ ಹೋದದ್ದೇನು? ಅದು ಯಾಕೆ ಹಾಗೆ ಮಾಡಿತು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳು ತಿಳಿಯಲೇಬೇಕಾದ ವಿಷಯ ಇದು. ಉತ್ತರಕ್ಕೆ ಹೋಗುವ ದಾರಿ ಸ್ವಲ್ಪ ಉದ್ದ, ಆದರೆ ಸೊಗಸಾಗಿದೆ. ಒಂದು ಆಟದಿಂದ ಶುರು ಮಾಡೋಣ, ಬನ್ನಿ.

ಅಕ್ಷರಗಳ ಆಟ

ಕಪ್ಪು ಹಲಗೆಯ ಮೇಲೆ 'ರಸ' ಎಂದು ಬರೆಯಿರಿ. ಈಗ ಎರಡೂ ಅಕ್ಷರಗಳ ಜಾಗ ಬದಲಿಸಿ. 'ಸರ' ಆಯಿತು. ಒಂದು ಕುಡಿಯುವುದು, ಇನ್ನೊಂದು ಕೊರಳಿಗೆ ಹಾಕುವುದು! 'ವನ' ತಿರುಗಿಸಿದರೆ 'ನವ'. 'ನದ' ತಿರುಗಿಸಿದರೆ 'ದನ'. ನಾವು ಹೊಸ ಅಕ್ಷರ ಸೇರಿಸಲಿಲ್ಲ, ಇದ್ದದ್ದನ್ನು ತೆಗೆಯಲೂ ಇಲ್ಲ. ಜೋಡಣೆ ಬದಲಾಯಿತು, ಅರ್ಥವೂ ಬದಲಾಯಿತು.

ಪ್ರಕೃತಿಯೂ ಇದೇ ಆಟ ಆಡುತ್ತದೆ. ಅದರ ಅಕ್ಷರಗಳು ಪರಮಾಣುಗಳು, ಪದಗಳು ಅಣುಗಳು. ಅವೇ ಪರಮಾಣುಗಳು ಅಷ್ಟೇ ಸಂಖ್ಯೆಯಲ್ಲಿದ್ದು, ಜೋಡಣೆ ಮಾತ್ರ ಬೇರೆಯಾದರೆ ಅವು ಬೇರೆ ಬೇರೆ ಪದಾರ್ಥಗಳಾಗುತ್ತವೆ. ಇಂಥ ಪದಾರ್ಥಗಳನ್ನು 'ಸಮಾಂಗಿಗಳು' ಎನ್ನುತ್ತಾರೆ. ಈ ಗುಣಕ್ಕೆ 'ಸಮಾಂಗತೆ' ಎಂದು ಹೆಸರು.

ಮಾಡಿ ನೋಡಿ: ಜೇಡಿಮಣ್ಣಿನ ಅಣು

ಬೇಕಾಗುವ ವಸ್ತುಗಳು: ಜೇಡಿಮಣ್ಣು, ಪೊರಕೆ ಕಡ್ಡಿಯ 13 ತುಂಡುಗಳು.

ಜೇಡಿಮಣ್ಣಿನಲ್ಲಿ 4 ದೊಡ್ಡ ಉಂಡೆ, 10 ಚಿಕ್ಕ ಉಂಡೆ ಮಾಡಿ. ದೊಡ್ಡ ಉಂಡೆ ಎಂದರೆ ಇಂಗಾಲ, ಅಂದರೆ ಕಾರ್ಬನ್. ಚಿಕ್ಕ ಉಂಡೆ ಎಂದರೆ ಜಲಜನಕ, ಅಂದರೆ ಹೈಡ್ರೋಜನ್. ಆಟದ ನಿಯಮ ಎರಡೇ. ಪ್ರತಿ ಇಂಗಾಲಕ್ಕೆ ನಾಲ್ಕು ಕೈ, ಆದ್ದರಿಂದ ಅದಕ್ಕೆ ನಾಲ್ಕು ಕಡ್ಡಿ ಚುಚ್ಚಿರಬೇಕು. ಪ್ರತಿ ಜಲಜನಕಕ್ಕೆ ಒಂದೇ ಕೈ, ಅದಕ್ಕೆ ಒಂದೇ ಕಡ್ಡಿ. ಯಾವ ಕೈಯೂ ಖಾಲಿ ಉಳಿಯಬಾರದು.

ಮೊದಲು ನಾಲ್ಕೂ ಇಂಗಾಲಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಜೋಡಿಸಿ. ಉಳಿದ ಕೈಗಳಿಗೆಲ್ಲ ಜಲಜನಕ ಚುಚ್ಚಿ. ಹತ್ತೂ ಜಲಜನಕ, ಹದಿಮೂರೂ ಕಡ್ಡಿ ಖರ್ಚಾಗುತ್ತವೆ. ಎಣಿಸಿಕೊಳ್ಳಿ.

ಈಗ ಅದನ್ನು ಬಿಚ್ಚಿ. ಒಂದು ಇಂಗಾಲವನ್ನು ನಡುವೆ ಇಟ್ಟು, ಉಳಿದ ಮೂರನ್ನು ಅದರ ಸುತ್ತ ಜೋಡಿಸಿ. ನಡುವಿನದಕ್ಕೆ ಒಂದು ಜಲಜನಕ, ಸುತ್ತಲಿನ ಮೂರಕ್ಕೂ ಮೂರು ಮೂರು ಜಲಜನಕ. ಮತ್ತೆ ಅದೇ ಲೆಕ್ಕ: ಇಂಗಾಲ 4, ಜಲಜನಕ 10, ಕಡ್ಡಿ 13. ಆದರೆ ಆಕಾರ ಬೇರೆ!

ಒಂದು ಎಚ್ಚರಿಕೆ. ಸಾಲಾಗಿ ಇದ್ದದ್ದನ್ನು ಸುಮ್ಮನೆ ಬಾಗಿಸಿ "ಇದು ಮೂರನೆಯದು" ಎನ್ನಬೇಡಿ. ಸರಪಳಿಯನ್ನು ಮಡಿಸಿಟ್ಟರೂ ಅದು ಅದೇ ಸರಪಳಿ. ಕಡ್ಡಿ ಕಿತ್ತು ಬೇರೆ ಕಡೆ ಚುಚ್ಚಿದರೆ ಮಾತ್ರ ಹೊಸ ಅಣು.

ನೀವು ಮಾಡಿದ ಮೊದಲನೆಯದು ಬ್ಯುಟೇನ್, ಎರಡನೆಯದು ಐಸೊಬ್ಯುಟೇನ್. ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಪ್ರೊಪೇನ್ ಎಂಬ ಅನಿಲದ ಜೊತೆಗೆ ಈ ಅಣ್ಣತಮ್ಮಂದಿರೂ ಇರುತ್ತಾರೆ. ಮೊದಲನೆಯದು ಸೊನ್ನೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಎರಡನೆಯದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಸಾಲಾಗಿರುವ ಅಣುಗಳು ಒಂದಕ್ಕೊಂದು ಚೆನ್ನಾಗಿ ಒತ್ತಿಕೊಂಡು ಮಲಗುತ್ತವೆ, ಬಿಡಿಸಲು ಹೆಚ್ಚು ಶಾಖ ಬೇಕು. ಕವಲೊಡೆದ ಅಣುಗಳು ಅಷ್ಟು ಹತ್ತಿರ ಬರಲಾರವು. ಹೀಗೆ ಬೇಗ ಆವಿಯಾಗುವ ಗುಣವಿರುವುದರಿಂದ ಐಸೊಬ್ಯುಟೇನನ್ನು ಈಗಿನ ಹಲವು ಫ್ರಿಜ್‌ಗಳಲ್ಲಿ ತಂಪು ಮಾಡಲು ಬಳಸುತ್ತಾರೆ. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ 'ಆರ್-600ಎ' ಎಂದಿದ್ದರೆ ಅದು ಇದೇ.

ಇಂಗಾಲಗಳು ಹೆಚ್ಚಾದಂತೆ ಜೋಡಿಸುವ ದಾರಿಗಳೂ ಹೆಚ್ಚುತ್ತವೆ. ಇಂಗಾಲ 5, ಜಲಜನಕ 12 ಇದ್ದರೆ 3 ದಾರಿ. ಇಂಗಾಲ 8, ಜಲಜನಕ 18 ಇದ್ದರೆ 18 ದಾರಿ. ಇಂಗಾಲ 10, ಜಲಜನಕ 22 ಇದ್ದರೆ 75 ದಾರಿ! ಇಂಗಾಲ 20, ಜಲಜನಕ 42 ಇದ್ದರೆ 3,66,319 ದಾರಿ! ಜಗತ್ತಿನಲ್ಲಿ ಇಂಗಾಲದ ಪದಾರ್ಥಗಳು ಇಷ್ಟೊಂದು ಬಗೆ ಇರಲು ಇದೂ ಒಂದು ಕಾರಣ.

ಇಬ್ಬರು ವಿಜ್ಞಾನಿಗಳ ಜಗಳ

ಈ ವಿಷಯ ಜಗತ್ತಿಗೆ ಗೊತ್ತಾದದ್ದು ಒಂದು ಜಗಳದಿಂದ. 1820ರ ದಶಕದಲ್ಲಿ ಜರ್ಮನಿಯಲ್ಲಿ ಇಬ್ಬರು ಯುವ ವಿಜ್ಞಾನಿಗಳಿದ್ದರು. ಒಬ್ಬರು ಲೀಬಿಗ್, ಇನ್ನೊಬ್ಬರು ವೋಲರ್. ಲೀಬಿಗ್ ಅವರು ಬೆಳ್ಳಿಯ ಫಲ್ಮಿನೇಟ್ ಎಂಬ ಪದಾರ್ಥದಲ್ಲಿ ಏನೇನಿದೆ ಎಂದು ಅಳೆದರು. ಅದು ಸ್ವಲ್ಪ ತಿಕ್ಕಿದರೂ ಸಿಡಿಯುವ ಭಯಂಕರ ಪದಾರ್ಥ. ವೋಲರ್ ಅವರು ಬೆಳ್ಳಿಯ ಸಯನೇಟ್ ಎಂಬುದನ್ನು ಅಳೆದರು. ಅದು ಹಾಗೆ ಸಿಡಿಯುವುದೇ ಇಲ್ಲ. ಆದರೆ ಎರಡರ ಲೆಕ್ಕವೂ ಒಂದೇ ಬಂತು: ಬೆಳ್ಳಿ 1, ಇಂಗಾಲ 1, ಸಾರಜನಕ 1, ಆಮ್ಲಜನಕ 1.

"ನಿಮ್ಮ ಲೆಕ್ಕ ತಪ್ಪು" ಎಂದರು ಲೀಬಿಗ್. ಆದರೆ ಮತ್ತೆ ಮತ್ತೆ ಅಳೆದು ನೋಡಿದಾಗ ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು. ತಮ್ಮ ಮಾತನ್ನು ಹಿಂತೆಗೆದುಕೊಂಡ ಲೀಬಿಗ್ ಮುಂದೆ ವೋಲರ್ ಅವರ ಜೀವಮಾನದ ಗೆಳೆಯರಾದರು. ಇಂದು ನಮಗೆ ಕಾರಣ ಗೊತ್ತಿದೆ. ಒಂದರಲ್ಲಿ ಇಂಗಾಲ ನಡುವೆ ಕುಳಿತಿದೆ, ಇನ್ನೊಂದರಲ್ಲಿ ಸಾರಜನಕ ನಡುವೆ ಕುಳಿತಿದೆ. ಕುಳಿತ ಜಾಗ ಬದಲಾದದ್ದಕ್ಕೇ ಒಂದು ಸಿಡಿಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ!

1828ರಲ್ಲಿ ವೋಲರ್ ಇನ್ನೊಂದು ಬೆರಗು ಕಂಡರು. ಅಮೋನಿಯಂ ಸಯನೇಟ್ ಎಂಬ ಲವಣವನ್ನು ತಯಾರಿಸಲು ಹೋದಾಗ ಅವರಿಗೆ ಬೇರೆಯೇ ಬಿಳಿ ಹರಳುಗಳು ಸಿಕ್ಕವು. ಪರೀಕ್ಷಿಸಿದರೆ ಅದು ಯೂರಿಯಾ! ಅಲ್ಲಿಯವರೆಗೆ ಯೂರಿಯಾ ಎಂದರೆ ಪ್ರಾಣಿಗಳ ಮೂತ್ರದಿಂದ ಮಾತ್ರ ದೊರಕುವ ಪದಾರ್ಥವಾಗಿತ್ತು. ಮೂತ್ರಪಿಂಡದ ನೆರವೇ ಇಲ್ಲದೆ ಗಾಜಿನ ಪಾತ್ರೆಯಲ್ಲಿ ಯೂರಿಯಾ ಮಾಡಿದೆ ಎಂದು ಅವರು ಸಂತೋಷದಿಂದ ತಮ್ಮ ಗುರು ಬರ್ಜೀಲಿಯಸ್ ಅವರಿಗೆ ಪತ್ರ ಬರೆದರು. ಅಮೋನಿಯಂ ಸಯನೇಟ್ ಮತ್ತು ಯೂರಿಯಾ ಎರಡರಲ್ಲೂ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4. ಬಿಸಿಗೆ ಪರಮಾಣುಗಳು ಜಾಗ ಬದಲಿಸಿಕೊಂಡಿದ್ದವು, ಅಷ್ಟೇ. 1830ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇಂಥ ಪದಾರ್ಥಗಳಿಗೆ ಗ್ರೀಕ್ ಭಾಷೆಯಿಂದ 'ಐಸೊಮರ್' ಎಂಬ ಹೆಸರು ಕೊಟ್ಟರು. 'ಸಮನಾದ ಭಾಗಗಳುಳ್ಳದ್ದು' ಎಂದು ಅದರ ಅರ್ಥ. ನಮ್ಮ 'ಸಮಾಂಗಿ' ಎಂಬ ಪದದ ಅರ್ಥವೂ ಅದೇ.

ನಿಮ್ಮ ಊರಿನ ಸಹಕಾರ ಸಂಘದ ಗೋದಾಮಿನಲ್ಲಿ ಯೂರಿಯಾ ಚೀಲ ನೋಡಿದ್ದೀರಲ್ಲವೇ? ಅದರ ಮೇಲೆ ಸಾರಜನಕ ಶೇ. 46 ಎಂದು ಬರೆದಿರುತ್ತದೆ. 45 ಕೆ.ಜಿ. ಚೀಲದಲ್ಲಿ ಸಾರಜನಕ ಎಷ್ಟು? ಲೆಕ್ಕ ಮಾಡಿ, ಉತ್ತರ ಕೊನೆಯಲ್ಲಿದೆ.

ಜೇನು ಯಾಕೆ ಗಟ್ಟಿಯಾಗುತ್ತದೆ?

ಎಚ್.ಡಿ. ಕೋಟೆಯ ಕಾಡಂಚಿನ ಮಕ್ಕಳಿಗೆ ಜೇನಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಪ್ರಶ್ನೆ. ಬಾಟಲಿಯಲ್ಲಿಟ್ಟ ಜೇನುತುಪ್ಪ ಚಳಿಗಾಲದಲ್ಲಿ ತಳದಲ್ಲಿ ಹರಳುಗಟ್ಟುವುದನ್ನು ಕಂಡಿದ್ದೀರಾ? "ಸಕ್ಕರೆ ಬೆರೆಸಿದ್ದಾರೆ" ಎಂದು ಕೆಲವರು ಅದನ್ನು ಎಸೆಯುತ್ತಾರೆ. ಒಳ್ಳೆಯ ಜೇನೂ ಹಾಗೆ ಗಟ್ಟಿಯಾಗಬಹುದು.

ಜೇನಿನಲ್ಲಿ ಮುಖ್ಯವಾಗಿ ಎರಡು ಸಕ್ಕರೆಗಳಿವೆ: ಗ್ಲೂಕೋಸ್ ಮತ್ತು ಫ್ರಕ್ಟೋಸ್. ಎರಡರಲ್ಲೂ ಇಂಗಾಲ 6, ಜಲಜನಕ 12, ಆಮ್ಲಜನಕ 6. ಅಂದರೆ ಇವೂ ಸಮಾಂಗಿಗಳೇ. ಫ್ರಕ್ಟೋಸ್ ಹೆಚ್ಚು ಸಿಹಿ, ನೀರಿನಲ್ಲಿ ಬಹಳ ಚೆನ್ನಾಗಿ ಕರಗುತ್ತದೆ. ಗ್ಲೂಕೋಸ್ ಅಷ್ಟು ಸಿಹಿಯಲ್ಲ, ಕರಗುವುದೂ ಕಡಿಮೆ. ಆದ್ದರಿಂದ ತಂಪಾದಾಗ ಗ್ಲೂಕೋಸ್ ಮೊದಲು ಹರಳಾಗಿ ತಳಕ್ಕೆ ಇಳಿಯುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಮತ್ತೆ ಕರಗುತ್ತದೆ.

ಕೆ.ಆರ್. ನಗರದ ಗದ್ದೆಬಯಲಿನ ಕಬ್ಬಿನ ಸಕ್ಕರೆ ಎಂದರೆ ಈ ಇಬ್ಬರು ಕೈ ಕೈ ಹಿಡಿದುಕೊಂಡ ಜೋಡಿ. ಹೂವಿನ ಮಕರಂದದಲ್ಲಿಯೂ ಈ ಜೋಡಿ ಇರುತ್ತದೆ. ಜೇನುಹುಳು ಅದನ್ನು ಬಿಡಿಸಿ ಇಬ್ಬರನ್ನೂ ಬೇರೆ ಮಾಡುತ್ತದೆ.

ಬಲಗಾಲಿನ ಚಪ್ಪಲಿ

ಇಲ್ಲಿಯವರೆಗೆ ನಾವು ನೋಡಿದ್ದು ಯಾರ ಪಕ್ಕ ಯಾರು ಕುಳಿತಿದ್ದಾರೆ ಎಂಬ ವ್ಯತ್ಯಾಸ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಗೆ ಇದೆ. ನಿಮ್ಮ ಎರಡು ಚಪ್ಪಲಿಗಳನ್ನು ನೋಡಿ. ಒಂದೇ ಅಟ್ಟೆ, ಒಂದೇ ಪಟ್ಟಿ, ಒಂದೇ ಅಳತೆ. ಆದರೂ ಬಲಗಾಲಿನದನ್ನು ಎಡಗಾಲಿಗೆ ಹಾಕಿದರೆ ಸರಿಹೊಂದುವುದಿಲ್ಲ. ಒಂದು ಇನ್ನೊಂದರ ಕನ್ನಡಿ ಬಿಂಬ. ಎರಡು ಕೈಗಳೂ ಹಾಗೆಯೇ. ಅಣುಗಳಲ್ಲಿಯೂ ಹೀಗೆ ಎಡ–ಬಲ ಇರಬಹುದೇ?

ಇರಬಹುದು ಎಂದು ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು ಎಂದು ನೀವು ಓದಿದ್ದೀರಿ. ಅದಕ್ಕೂ ಬಹಳ ಮೊದಲು, 1848ರಲ್ಲಿ, ತಮ್ಮ 25ನೇ ವಯಸ್ಸಿನಲ್ಲಿ ಅವರು ಟಾರ್ಟಾರಿಕ್ ಆಮ್ಲದ ಮೇಲೆ ಕೆಲಸ ಮಾಡುತ್ತಿದ್ದರು. ಈ ಆಮ್ಲ ನಮಗೆ ಹೊಸದಲ್ಲ. ಹುಣಸೆಹಣ್ಣು ಕಚ್ಚಿದಾಗ ಹಲ್ಲು ಚುಳ್ಳೆನ್ನುವುದು ಮುಖ್ಯವಾಗಿ ಇದೇ ಆಮ್ಲದಿಂದ. ಪಾಶ್ಚರ್ ಅವರಿಗೆ ಸಿಕ್ಕಿದ್ದು ದ್ರಾಕ್ಷಿರಸದ ಪೀಪಾಯಿಗಳಲ್ಲಿ ಉಳಿದ ಗಸಿಯಿಂದ ತೆಗೆದ ಆಮ್ಲ.

ಈ ಆಮ್ಲದಲ್ಲಿ ಒಂದು ಒಗಟಿತ್ತು. ಅದರ ಒಂದು ಬಗೆ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತಿತ್ತು. ಇನ್ನೊಂದು ಬಗೆ ತಿರುಗಿಸುತ್ತಿರಲಿಲ್ಲ. ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ. ಪಾಶ್ಚರ್ ಎರಡನೆಯದರ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವುಗಳಲ್ಲಿ ಎರಡು ಆಕಾರದ ಹರಳುಗಳಿದ್ದವು. ಒಂದು ಆಕಾರ ಇನ್ನೊಂದರ ಕನ್ನಡಿ ಬಿಂಬ! ಅಕ್ಕಿಯಿಂದ ಕಲ್ಲು ಆರಿಸುವಂತೆ ಅವರು ಒಂದೊಂದೇ ಹರಳನ್ನು ಚಿಮಟದಿಂದ ಎತ್ತಿ ಎರಡು ಗುಂಪು ಮಾಡಿದರು. ಬೇರೆ ಬೇರೆ ನೀರಿನಲ್ಲಿ ಕರಗಿಸಿ ಬೆಳಕು ಹಾಯಿಸಿದರು. ಒಂದು ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ! ಎರಡೂ ಸಮನಾಗಿ ಬೆರೆತಿದ್ದಾಗ ಒಂದನ್ನೊಂದು ಕಳೆದುಹಾಕುತ್ತಿದ್ದವು.

ಇದರಲ್ಲಿ ಸ್ವಲ್ಪ ಅದೃಷ್ಟವೂ ಇತ್ತು. ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದರೆ ಈ ಹರಳುಗಳು ಹೀಗೆ ಬೇರೆ ಬೇರೆಯಾಗಿ ಬೆಳೆಯುವುದಿಲ್ಲ. ಪ್ಯಾರಿಸಿನ ತಂಪು ಹವೆ ಪಾಶ್ಚರ್ ಅವರ ನೆರವಿಗೆ ಬಂದಿತ್ತು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಾಡಿದ್ದರೆ ಒಗಟು ಬಿಡಿಸಲು ಆಗುತ್ತಿರಲಿಲ್ಲ!

ಅಣುಗಳಿಗೆ ಎಡ–ಬಲ ಹೇಗೆ ಬರುತ್ತದೆ? 1874ರಲ್ಲಿ ಹಾಲೆಂಡಿನ 22 ವರ್ಷದ ವಾಂಟ್ ಹಾಫ್ ಅದನ್ನು ವಿವರಿಸಿದರು. ಅದೇ ವರ್ಷ ಫ್ರಾನ್ಸಿನ ಲ ಬೆಲ್ ಕೂಡ ಅದೇ ತೀರ್ಮಾನಕ್ಕೆ ಬಂದಿದ್ದರು. ಇಂಗಾಲದ ನಾಲ್ಕು ಕೈಗಳು ಚಪ್ಪಟೆಯಾಗಿ ಹರಡಿಲ್ಲ, ನಾಲ್ಕು ಮೂಲೆಗಳ ಕಡೆಗೆ ಚಾಚಿವೆ ಎಂಬುದೇ ಆ ವಿವರಣೆ. ವಾಂಟ್ ಹಾಫ್ ರಟ್ಟಿನಲ್ಲಿ ಮಾದರಿಗಳನ್ನು ಮಾಡಿ ಬೇರೆ ವಿಜ್ಞಾನಿಗಳಿಗೆ ಕಳಿಸಿದರು. ಕೆಲವು ಹಿರಿಯರು ನಕ್ಕರು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ, ಅವರ ಬೇರೊಂದು ಸಂಶೋಧನೆಗಾಗಿ, ಇದೇ ವಾಂಟ್ ಹಾಫ್ ಅವರಿಗೆ ಬಂತು.

ಮಾಡಿ ನೋಡಿ: ಎಡ ಅಣು, ಬಲ ಅಣು

ಒಂದು ಜೇಡಿಮಣ್ಣಿನ ಉಂಡೆಗೆ ಮುಕ್ಕಾಲಿಯ ಕಾಲುಗಳಂತೆ ಕೆಳಗೆ ಮೂರು ಕಡ್ಡಿ, ಮೇಲಕ್ಕೆ ಒಂದು ಕಡ್ಡಿ ಚುಚ್ಚಿ. ಮೇಲಿನ ಕಡ್ಡಿಯ ತುದಿಗೆ ಇದ್ದಿಲ ಪುಡಿ ಹಚ್ಚಿದ ಕಪ್ಪು ಉಂಡೆ ಇಡಿ. ಕೆಳಗಿನ ಮೂರಕ್ಕೆ ಅರಿಸಿನ ಹಚ್ಚಿದ ಹಳದಿ, ಕುಂಕುಮ ಹಚ್ಚಿದ ಕೆಂಪು, ಸುಣ್ಣದ ಕಡ್ಡಿಯ ಪುಡಿ ಹಚ್ಚಿದ ಬಿಳಿ ಉಂಡೆಗಳನ್ನು ಇಡಿ. ಈಗ ಅದನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಾಣುವಂತೆಯೇ ಇನ್ನೊಂದು ಮಾಡಿ. ಮೇಲಿನಿಂದ ನೋಡಿದಾಗ ಒಂದರಲ್ಲಿ ಹಳದಿ, ಕೆಂಪು, ಬಿಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಂದರೆ, ಇನ್ನೊಂದರಲ್ಲಿ ತಿರುಗುಮುರುಗಾಗಿ ಬರುತ್ತವೆ. ಹೇಗೆ ತಿರುಗಿಸಿದರೂ ಎರಡೂ ಒಂದೇ ಆಗುವುದಿಲ್ಲ. ನಾಲ್ಕೂ ಬಣ್ಣ ಬೇರೆ ಬೇರೆ ಇದ್ದರೆ ಮಾತ್ರ ಹೀಗೆ. ಎರಡು ಬಣ್ಣ ಒಂದೇ ಆಗಿದ್ದರೆ ಏನಾಗುತ್ತದೆ ಎಂದು ನೀವೇ ಮಾಡಿ ನೋಡಿ.

ಮೂಗಿಗೂ ಗೊತ್ತು ಎಡ–ಬಲ

ಲೆಕ್ಕ ಒಂದೇ, ಕುಳಿತ ಜಾಗವೂ ಒಂದೇ, ಬರೀ ಎಡ–ಬಲ. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ತಿಳಿಯುತ್ತದೆ ಎನ್ನುತ್ತೀರಾ? ನಿಮ್ಮ ಮೂಗಿಗೆ ತಿಳಿಯುತ್ತದೆ. ಅಡುಗೆಯ ಪುದೀನ ಸೊಪ್ಪನ್ನು ಹಿಸುಕಿ ಮೂಸಿ ನೋಡಿ. ಆಮೇಲೆ ಸಬ್ಬಸಿಗೆ ಬೀಜವನ್ನು ಜಜ್ಜಿ ಮೂಸಿ. ಎರಡರ ವಾಸನೆಗೂ ಮುಖ್ಯ ಕಾರಣ ಕಾರ್ವೋನ್ ಎಂಬ ಅಣು. ಪುದೀನದಲ್ಲಿರುವುದು ಅದರ ಒಂದು ರೂಪ, ಸಬ್ಬಸಿಗೆ ಬೀಜದಲ್ಲಿರುವುದು ಅದರ ಕನ್ನಡಿ ರೂಪ. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಮೂಗು ಹಿಡಿದುಬಿಡುತ್ತದೆ!

ಇದು ಹೇಗೆ? ನಮ್ಮ ಮೈಯಲ್ಲಿ ಅಣುಗಳನ್ನು ಗುರುತಿಸುವ ಪುಟ್ಟ ಪುಟ್ಟ ಜಾಗಗಳಿವೆ. ಅವನ್ನು 'ಗ್ರಾಹಕ'ಗಳು ಎನ್ನುತ್ತಾರೆ. ಅವು ಬೀಗವಿದ್ದಂತೆ, ಅಣು ಕೀಲಿಕೈಯಿದ್ದಂತೆ. ಬೀಗಕ್ಕೂ ಎಡ–ಬಲ ಇದೆ. ಆಕಾರ ಸರಿಹೊಂದಿದ ಕೀಲಿ ಮಾತ್ರ ತಿರುಗುತ್ತದೆ. ಅಂದರೆ ಅಣುವಿನಲ್ಲಿ ಏನೇನಿದೆ ಎಂದಷ್ಟೇ ನಮ್ಮ ಮೈ ನೋಡುವುದಿಲ್ಲ, ಅದು ಹೇಗೆ ಜೋಡಣೆಯಾಗಿದೆ ಎಂದೂ ನೋಡುತ್ತದೆ.

ಈಗ ನಾವು ತಂಬಾಕಿನ ಹೊಲಕ್ಕೆ ಹಿಂತಿರುಗಬಹುದು.

ಹಸಿ ಎಲೆಯೊಳಗಿನ ಕಳ್ಳಕೀಲಿ

ವೋಲರ್ ಯೂರಿಯಾ ಮಾಡಿದ ಅದೇ 1828ರಲ್ಲಿ, ಅದೇ ಜರ್ಮನಿಯ ಹೈಡಲ್‌ಬರ್ಗಿನಲ್ಲಿ, ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ತಂಬಾಕಿನ ಎಲೆಯಿಂದ ಒಂದು ಎಣ್ಣೆಯಂಥ ದ್ರವವನ್ನು ಬೇರೆ ಮಾಡಿದರು. ಅದು ವಿಷ ಎಂದು ಅವರು ಗುರುತಿಸಿದರು. ಅದೇ ನಿಕೋಟಿನ್. ಅದರ ಲೆಕ್ಕ: ಇಂಗಾಲ 10, ಜಲಜನಕ 14, ಸಾರಜನಕ 2.

ತಂಬಾಕಿನ ಗಿಡ ನಿಕೋಟಿನ್ ಮಾಡುವುದು ಬೇರಿನಲ್ಲಿ. ಅಲ್ಲಿಂದ ಅದು ಎಲೆಗೆ ಏರುತ್ತದೆ. ಗಿಡಕ್ಕೆ ಇದು ಕೀಟಗಳಿಂದ ಕಾಪಾಡಿಕೊಳ್ಳುವ ಆಯುಧ. ಹೂವು ಬಂದಾಗ ನಿಮ್ಮ ಮನೆಯವರು ಗಿಡದ ತುದಿಯನ್ನು ಮುರಿಯುತ್ತಾರಲ್ಲ, ಆಗ "ಯಾರೋ ನನ್ನನ್ನು ತಿನ್ನುತ್ತಿದ್ದಾರೆ" ಎಂಬಂತೆ ಗಿಡ ಇನ್ನೂ ಹೆಚ್ಚು ನಿಕೋಟಿನ್ ತಯಾರಿಸುತ್ತದೆ!

ಇದಕ್ಕೆ ಒಂದು ಸಮಾಂಗಿ ಇದೆ, ಹೆಸರು ಅನಬೇಸಿನ್. ಅದೂ ಇಂಗಾಲ 10, ಜಲಜನಕ 14, ಸಾರಜನಕ 2. ಎರಡು ಅಣುಗಳಲ್ಲೂ ಎರಡೆರಡು ಉಂಗುರಗಳಿವೆ. ನಿಕೋಟಿನ್ನಿನ ಒಂದು ಉಂಗುರದಲ್ಲಿ ಐದು ಪರಮಾಣುಗಳಿದ್ದು, ಒಂದು ಇಂಗಾಲ ಹೊರಗೆ ಜೋತುಬಿದ್ದಿರುತ್ತದೆ. ಅನಬೇಸಿನ್ನಿನಲ್ಲಿ ಆ ಇಂಗಾಲವೂ ಒಳಗೆ ಸೇರಿ ಉಂಗುರ ಆರರದ್ದಾಗಿದೆ. ತಂಬಾಕಿನ ಎಲೆಯಲ್ಲಿ ಅನಬೇಸಿನ್ ಸ್ವಲ್ಪವೇ ಇರುತ್ತದೆ. ಆದರೂ ಅದು ವೈದ್ಯರಿಗೆ ಸಾಕ್ಷಿ ಹೇಳುತ್ತದೆ. ಬೀಡಿ, ಸಿಗರೇಟು ಬಿಡಲು ಹೊರಟವರಿಗೆ ವೈದ್ಯರು ಬರೀ ನಿಕೋಟಿನ್ ಇರುವ ಚೂಯಿಂಗ್ ಗಮ್ ಕೊಡುವುದುಂಟು. ಅವರ ಮೂತ್ರದಲ್ಲಿ ಅನಬೇಸಿನ್ ಸಿಕ್ಕಿತೋ, ಅವರು ಗುಟ್ಟಾಗಿ ತಂಬಾಕನ್ನೇ ಬಳಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ!

ನಿಕೋಟಿನ್ನಿಗೂ ಎಡ–ಬಲ ಇದೆ. ಗಿಡ ತಯಾರಿಸುವುದು ಬಹುಮಟ್ಟಿಗೆ ಒಂದೇ ರೂಪವನ್ನು, ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು. ಇದರ ಕನ್ನಡಿ ರೂಪಕ್ಕೆ ನಮ್ಮ ಮೈಯ ಮೇಲೆ ಇಷ್ಟು ಬಲವಿಲ್ಲ, ಅದು ಹಲವು ಪಟ್ಟು ದುರ್ಬಲ. ಗಿಡದ ರೂಪಕ್ಕೆ ಮಾತ್ರ ಯಾಕಿಷ್ಟು ಬಲ? ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ಅಣುವನ್ನು ಬಳಸುತ್ತವೆ. ಅದಕ್ಕಾಗಿ ನರಗಳಲ್ಲಿ ಬೀಗಗಳಿವೆ. ಗಿಡದ ನಿಕೋಟಿನ್ ಆ ಬೀಗಕ್ಕೆ ಸರಿಯಾಗಿ ಹೊಂದುವ ಕಳ್ಳಕೀಲಿ. ಅದು ಬೀಗ ತೆರೆದಾಗ ಯಾರೂ ಕಳಿಸದ ಸುದ್ದಿ ಮೈಯೆಲ್ಲ ಓಡುತ್ತದೆ. ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿಯಾಗುತ್ತದೆ. ಮಿದುಳಿನ ಬೀಗಗಳನ್ನು ಮತ್ತೆ ಮತ್ತೆ ತೆರೆಸಿಕೊಂಡರೆ ಅದೇ ಚಟ. ಬೀಡಿ, ಗುಟ್ಕಾ ಬಿಡಲು ಕಷ್ಟವಾಗುವುದು ಇದರಿಂದಲೇ.

ಆದರೆ ನಾನು ಎಲೆಯನ್ನು ತಿಂದಿರಲಿಲ್ಲವಲ್ಲ? ತಿನ್ನಬೇಕಾಗಿಲ್ಲ. ನಿಕೋಟಿನ್ ಚಿಕ್ಕ ಅಣು. ನೀರಿನಲ್ಲಿಯೂ ಬೆರೆಯುತ್ತದೆ, ಕೊಬ್ಬಿನಲ್ಲಿಯೂ ಕರಗುತ್ತದೆ. ಮಳೆ, ಇಬ್ಬನಿ, ಬೆವರಿನ ನೀರಿಗೆ ಎಲೆಯಿಂದ ಇಳಿದು, ನೇರವಾಗಿ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಒದ್ದೆ ಅಂಗಿ ಮೈಗೆ ಅಂಟಿಕೊಂಡಿದ್ದರೆ ಇನ್ನೂ ಸುಲಭ. ಇದಕ್ಕೆ 'ಹಸಿರು ತಂಬಾಕು ಕಾಯಿಲೆ' ಎಂದು ಹೆಸರು. ತಂಬಾಕು ಬೆಳೆಯುವ ಬೇರೆ ದೇಶಗಳಲ್ಲಿಯೂ ಇದು ಇದೆ. ಮಕ್ಕಳ ಮೈ ಚಿಕ್ಕದು, ಆದ್ದರಿಂದ ಅಷ್ಟೇ ನಿಕೋಟಿನ್ ಮಕ್ಕಳಿಗೆ ಹೆಚ್ಚು ತೊಂದರೆ ಕೊಡುತ್ತದೆ.

ಅಂದು ನನಗೆ ತಾಗಿದ್ದು ದೃಷ್ಟಿಯಲ್ಲ ಮಕ್ಕಳೇ, ನಿಕೋಟಿನ್. ಸರಿಹೋದದ್ದು ಉಪ್ಪು, ಮೆಣಸಿನಕಾಯಿಯಿಂದಲೂ ಅಲ್ಲ. ಮೈ ತಾನೇ ಆ ನಿಕೋಟಿನ್ನನ್ನು ಒಡೆದು ಮೂತ್ರದಲ್ಲಿ ಹೊರಹಾಕಿತ್ತು. ಅಜ್ಜಿಯ ಮೇಲೆ ನನಗೆ ಬೇಸರವಿಲ್ಲ, ಅವರಿಗೆ ತಿಳಿಸುವವರು ಯಾರೂ ಇರಲಿಲ್ಲ. ನಿಮಗೆ ಈಗ ತಿಳಿದಿದೆ.

ನೀವು ಮಾಡಬೇಕಾದದ್ದು

ತಂಬಾಕು ನಮ್ಮ ಭಾಗದ ಎಷ್ಟೋ ಮನೆಗಳ ವರ್ಷದ ಖರ್ಚು ನಡೆಸುವ ಬೆಳೆ. ಬೆಳೆದವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಈ ಮಾತುಗಳು ನೆನಪಿರಲಿ.

1. ಹಸಿ ತಂಬಾಕು ಮುರಿಯುವುದು, ಹೊರುವುದು, ಕಡ್ಡಿಗೆ ಕಟ್ಟುವುದು ಮಕ್ಕಳ ಕೆಲಸವಲ್ಲ. ಮನೆಯಲ್ಲಿ ಈ ಪುಟವನ್ನು ಓದಿ ಹೇಳಿ.

2. ದೊಡ್ಡವರು ಸಹ ಎಲೆಯ ಮೇಲಿನ ನೀರು ಆರಿದ ಮೇಲೆ ಮುರಿಯುವುದು ಒಳ್ಳೆಯದು. ತುಂಬುತೋಳಿನ ಅಂಗಿ, ಕೈಗವಸು ಇರಲಿ. ಎಲೆ ಹೊರುವಾಗ ಎದೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರೆ ಅಂಗಿ ನೆನೆಯುವುದಿಲ್ಲ.

3. ಅಂಗಿ ಒದ್ದೆಯಾದರೆ ಕೂಡಲೇ ಬದಲಿಸಬೇಕು. ಕೈ, ತೋಳು, ಎದೆಯನ್ನು ಸೋಪು ಹಚ್ಚಿ ತೊಳೆಯಬೇಕು. ಊಟಕ್ಕೆ ಕೂರುವ ಮೊದಲಂತೂ ತಪ್ಪಿಸಬಾರದು.

4. ತಂಬಾಕಿನ ಕೆಲಸದ ದಿನ ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದರೆ ಕೆಲಸ ಬಿಡಿಸಿ, ಮೈ ತೊಳೆಸಿ, ನೆರಳಿನಲ್ಲಿ ಕೂರಿಸಿ ನೀರು ಕೊಡಿ. ವಾಂತಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. "ಹಸಿ ತಂಬಾಕು ಮುಟ್ಟಿದ್ದರು" ಎಂದು ವೈದ್ಯರಿಗೆ ಮರೆಯದೆ ಹೇಳಿ. ಅದನ್ನು ಹೇಳದಿದ್ದರೆ ಅವರಿಗೆ ಕಾರಣ ತಿಳಿಯುವುದು ಕಷ್ಟ.

ಯೋಚಿಸಿ, ಉತ್ತರಿಸಿ

1. ಇಂಗಾಲ 5, ಜಲಜನಕ 12 ಇರುವ ಮೂರು ಸಮಾಂಗಿಗಳನ್ನು ಜೇಡಿಮಣ್ಣಿನಲ್ಲಿ ಮಾಡಿ. ಪ್ರತಿಯೊಂದಕ್ಕೂ ಎಷ್ಟು ಕಡ್ಡಿ ಬೇಕು?

2. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಎಷ್ಟು ಕೆ.ಜಿ.?

3. ಸ್ಟೀಲಿನ ಲೋಟ, ಬಲಗಿವಿ, ಚೆಂಡು, ಶಂಖ, ತಿರುಪುಮೊಳೆ – ಇವುಗಳಲ್ಲಿ ಯಾವುದಕ್ಕೆ ತನಗಿಂತ ಬೇರೆಯಾದ ಕನ್ನಡಿ ರೂಪವಿದೆ?

4. ಸಿಹಿಯಾದ ಎರಡು ಸಮಾಂಗಿಗಳನ್ನು ಹೆಸರಿಸಿ.

ಉತ್ತರಗಳು: 1. ಐದೂ ಇಂಗಾಲ ಸಾಲಾಗಿ. ನಾಲ್ಕು ಸಾಲಾಗಿ, ಎರಡನೆಯದಕ್ಕೆ ಒಂದು ಕವಲು. ಒಂದರ ಸುತ್ತ ನಾಲ್ಕು. ಪ್ರತಿಯೊಂದಕ್ಕೂ 16 ಕಡ್ಡಿ. 2. 20.7 ಕೆ.ಜಿ. 3. ಬಲಗಿವಿ, ಶಂಖ, ತಿರುಪುಮೊಳೆ. 4. ಗ್ಲೂಕೋಸ್, ಫ್ರಕ್ಟೋಸ್.